ತಪ್ಪು ಹಿಡಿದವರಿಗೆ ಕೊಬ್ಬರಿ ಮಿಠಾಯಿ

ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರು ಎಂಬ ಒಂದು ಜಾತಿ ಇದೆಯಲ್ಲ, ನಾನು ಆ ಜಾತಿಯವನು. ಹದಿನೆಂಟು ವರ್ಷ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದಿ ಹೊಟ್ಟೆ ಹೊರೆದೆ. ಆ ಕೆಲಸದ ಸುಖವೇ ಬೇರೆ. ದಿನವಿಡೀ ಯಾರದಾದರೂ ತಪ್ಪು ಸಿಗುತ್ತಿರುತ್ತದೆ, ಅದು ನಮ್ಮದಾಗಿರುವುದಿಲ್ಲ. ಪತ್ರಿಕೆಯ ಪುಟಗಳು ಕಡಿಮೆಯಾಗುತ್ತ ಬಂದು ಕೊನೆಗೆ ನನ್ನ ಕುರ್ಚಿಯೂ ಕಡಿಮೆಯಾದಾಗ ಜಯನಗರದ ಒಂದು ಸಣ್ಣ ಟ್ರಸ್ಟಿಗೆ ಬಂದು ಸೇರಿದೆ. ವಿಜ್ಞಾನವನ್ನು ಜನಸಾಮಾನ್ಯರಿಗೆ ಮುಟ್ಟಿಸುವುದು ಅದರ ಕೆಲಸ. ಪ್ರದರ್ಶನ ಏರ್ಪಡಿಸುವುದು, ಕಿರುಚಿತ್ರ ಮಾಡುವುದು, ಪಾರ್ಕಿನಲ್ಲಿ ಜನ ಸೇರಿಸಿ ಪ್ರಯೋಗ ತೋರಿಸುವುದು, ಹೀಗೆ. ಅಲ್ಲಿ ಆರು ವರ್ಷ ನನ್ನನ್ನು ಆಳಿ, ಹೋದ ತಿಂಗಳು ನಿವೃತ್ತರಾದ ಮೇಡಂ ಬಗ್ಗೆ ಈ ನಾಲ್ಕು ಮಾತು.

ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಹೆಸರು ಯಾಕಯ್ಯ? ಗೊತ್ತಿರೋರಿಗೆ ಹೇಗಿದ್ರೂ ಗೊತ್ತಾಗುತ್ತೆ. ಗೊತ್ತಿಲ್ದಿರೋರು ನನ್ನ ಹೆಸರು ಕಟ್ಕೊಂಡು ಏನ್ಮಾಡ್ತಾರೆ?" ಎಂದರು.

ಐದಡಿಗೂ ಎರಡು ಬೆರಳು ಕಡಿಮೆ. ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆ ಚೀಲ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್. ಟ್ರಸ್ಟಿಗೆ ಬರುವ ಮುಂಚೆ ಬಹಳ ಕಾಲ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವರು. ಆದ್ದರಿಂದ ಪಕ್ಕದಲ್ಲಿ ಕೂತವರ ಹತ್ತಿರವೂ ಕೊನೆಯ ಬೆಂಚಿಗೆ ಕೇಳುವ ಹಾಗೆಯೇ ಮಾತಾಡುತ್ತಿದ್ದರು. ಖುಷಿಯಾದರೆ ಒಂದೇ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟುವುದು ಅವರ ಅಭ್ಯಾಸ. ಅದಕ್ಕೆ ಅಕ್ಕಪಕ್ಕದವರು ಬೆಚ್ಚಿಬೀಳುತ್ತಿದ್ದರು.

ಸಂದರ್ಶನಕ್ಕೆ ಹೋದ ದಿನ ಕೇಳಿದ ಮೊದಲ ಪ್ರಶ್ನೆ, "ತಪ್ಪು ಮಾಡಿದ್ರೆ ಏನ್ಮಾಡ್ತೀಯ?"

"ನಾನು ತಪ್ಪು ಮಾಡಲ್ಲ ಮೇಡಂ," ಎಂದೆ. ಹದಿನೆಂಟು ವರ್ಷದ ಅನುಭವ, ಗತ್ತಿನಿಂದಲೇ ಹೇಳಿದೆ.

ಅವರು ನಕ್ಕ ನಗುವಿಗೆ ತುರುಬಿನ ಪೆನ್ಸಿಲ್ ನೆಲಕ್ಕೆ ಬಿತ್ತು. "ಸೋಮವಾರದಿಂದ ಬಾ. ಮಾಡೋದು ಹೇಗೆ ಅಂತ ಕಲಿಸ್ತೀನಿ," ಎಂದರು.

ನಮ್ಮ ಆಫೀಸು ಎಂದರೆ ಒಂದು ಮನೆಯ ಮೊದಲ ಮಹಡಿಯ ಎರಡು ಕೋಣೆ, ನಾಲ್ಕು ಜನ. ಪ್ರದರ್ಶನದ ವಿಷಯ ನಿಶ್ಚಯವಾದ ಮೇಲೆ ಅದನ್ನು ಬಲ್ಲ ವಿಜ್ಞಾನಿಯನ್ನು ಕರೆಸಿ ಮಾತಾಡಿಸುವುದು ಮೊದಲ ಹೆಜ್ಜೆ. ಒಮ್ಮೆ ಬಂದವರು ಬ್ಯಾಕ್ಟೀರಿಯಾಗಳ ದೊಡ್ಡ ಪಂಡಿತರು. ಕೂತವರೇ ಲ್ಯಾಪ್‌ಟಾಪ್ ತೆರೆಯಲು ಹೊರಟರು. ಮೇಡಂ ಅದನ್ನು ಮೆಲ್ಲಗೆ ಮುಚ್ಚಿ, ಅವರ ಮುಂದೆ ಮೊರದ ತುಂಬ ಅವರೆಕಾಯಿ ಇಟ್ಟರು.

"ಸಾರ್, ಹಾಗೇ ಬಿಡಿಸ್ತಾ ಹೇಳಿ. ಹಾಲು ಹೇಗೆ ಮೊಸರಾಗುತ್ತೆ?"

ಪ್ರೊಫೆಸರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಪಾಪ, ಒಂದು ಕಾಯಿ ಎತ್ತಿಕೊಂಡರು. ಹತ್ತು ಕಾಯಿ ಆಗುವವರೆಗೆ ಇಂಗ್ಲಿಷಿನ ಉದ್ದುದ್ದ ಪದಗಳೇ ಬಂದವು. ಇಪ್ಪತ್ತು ದಾಟಿದ ಮೇಲೆ ಅವರ ಬಾಯಿಂದ, "ಅವು ಹಾಲಿನಲ್ಲಿರೋ ಸಕ್ಕರೆ ತಿಂತಾವೆ ಮೇಡಂ, ತಿಂದು ಹುಳಿ ಬಿಡ್ತಾವೆ, ಹುಳಿಗೆ ಹಾಲು ಗಟ್ಟಿಯಾಗುತ್ತೆ, ಅಷ್ಟೇ. ನಮ್ಮಮ್ಮ ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತೋರು, ಅವಕ್ಕೂ ಬೆಚ್ಚಗಿರಬೇಕು ನೋಡಿ," ಎಂದು ಬಂತು. ಮೇಡಂ ಚಪ್ಪಾಳೆ ತಟ್ಟಿದರು. ಪ್ರೊಫೆಸರ ಕೈಯಿಂದ ಅವರೆಕಾಯಿ ಹಾರಿತು. ಆ ವಾಕ್ಯವೇ ನಮ್ಮ ಪ್ರದರ್ಶನದ ಮೊದಲ ಫಲಕವಾಯಿತು.

"ಕೈ ಖಾಲಿ ಇದ್ರೆ ಸ್ಲೈಡ್ ತೋರಿಸ್ತಾರೆ. ಕೈಲಿ ಕೆಲಸ ಇದ್ರೆ ಮನುಷ್ಯರ ಥರ ಮಾತಾಡ್ತಾರೆ," ಎನ್ನುವುದು ಅವರ ಸಿದ್ಧಾಂತ. ಅವರೆಕಾಯಿಯ ಕಾಲ ಮುಗಿದರೆ ಕೊತ್ತಂಬರಿ ಸೊಪ್ಪು, ಅದೂ ಇಲ್ಲದಿದ್ದರೆ ಬೆಳ್ಳುಳ್ಳಿ. ಊರಿನ ಎಷ್ಟೋ ವಿಜ್ಞಾನಿಗಳು ನಮ್ಮ ಮೇಡಂ ಮನೆಯ ಅಡುಗೆಗೆ ಕೈ ಜೋಡಿಸಿದ್ದಾರೆ, ಅವರಿಗೇ ಗೊತ್ತಿಲ್ಲ.

ಇದೆಲ್ಲ ನನಗೆ ಮಜವಾಗಿಯೇ ಇತ್ತು. ಮೈ ಉರಿದದ್ದು ಡಬ್ಬದ ವಿಷಯದಲ್ಲಿ.

ನಾವು ಎಲ್ಲಿ ಏನು ಪ್ರದರ್ಶನ ಮಾಡಿದರೂ ಬಾಗಿಲಲ್ಲಿ ಒಂದು ಬೋರ್ಡು ಇಡುತ್ತಿದ್ದರು: 'ಇಲ್ಲಿ ತಪ್ಪು ಕಂಡುಹಿಡಿದವರಿಗೆ ಒಂದು ಕೊಬ್ಬರಿ ಮಿಠಾಯಿ.' ಬೋರ್ಡಿನ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬ. ಮಿಠಾಯಿ ಫೋರ್ತ್ ಬ್ಲಾಕಿನ ಒಂದು ಕಾಂಡಿಮೆಂಟ್ಸ್ ಅಂಗಡಿಯದು. ಯಾರಾದರೂ ತಪ್ಪು ಹಿಡಿದರೆ, ಅದು ನಿಜವೆಂದು ಖಚಿತವಾದ ಕೂಡಲೇ ಒಂದು ಹಳದಿ ಚೀಟಿಯಲ್ಲಿ ತಪ್ಪೇನು, ಸರಿ ಯಾವುದು, ಹಿಡಿದವರು ಯಾರು ಎಂದು ಬರೆದು ಆ ಫಲಕದ ಮೇಲೆಯೇ ಅಂಟಿಸುವುದು. ಫಲಕ ಮತ್ತೆ ಪ್ರಿಂಟ್ ಮಾಡಿಸುವಂತಿಲ್ಲ. ತಪ್ಪು ಬರೆದವರ ಹೆಸರು ಮಾತ್ರ ಚೀಟಿಯಲ್ಲಿ ಇರುತ್ತಿರಲಿಲ್ಲ. ಆದರೇನು, ಎಲ್ಲ ಬರೆಯುವವನು ನಾನೊಬ್ಬನೇ ತಾನೇ?

"ಇದು ನಮ್ಮ ಮರ್ಯಾದೆ ನಾವೇ ಕಳ್ಕೊಳ್ಳೋದು ಮೇಡಂ," ಎಂದೆ ಮೊದಲ ವಾರ.

"ಜನಕ್ಕೆ 'ಅರ್ಥ ಆಯ್ತಾ' ಅಂತ ಕೇಳಿ ನೋಡು. ಆಗದಿದ್ರೂ ಹೂಂ ಅಂತಾರೆ, ಪಾಪ, ನಮಗೆ ಬೇಜಾರಾಗ್ಬಾರ್ದು ಅಂತ. 'ಏನು ತಪ್ಪಿದೆ' ಅಂತ ಕೇಳು. ಆಗ ಓದ್ತಾರೆ."

ಓದಿದರು. ಆಹಾ, ಎಂಥ ಓದು! ನಾನು ಬರೆದ ಮೊದಲ ಪ್ರದರ್ಶನ ಹೂಗಳದ್ದು. ಮಲ್ಲಿಗೆಯ ಫಲಕದಲ್ಲಿ 'ಮುಂಜಾನೆಯ ಮೊದಲ ಕಿರಣಕ್ಕೆ ಮೊಗ್ಗು ಬಿರಿಯುತ್ತದೆ' ಎಂದು ಬರೆದಿದ್ದೆ. ಬಹಳ ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು. ಮಾರ್ಕೆಟ್ ಹತ್ತಿರ ಹೂ ಮಾರುವ ಹೆಂಗಸೊಬ್ಬರು ಓದು ಬಾರದವರು, ಮಗಳ ಕೈಲಿ ಓದಿಸಿ ಕೇಳಿದರು. ಸೊಂಟಕ್ಕೆ ಕೈ ಇಟ್ಟು ನನ್ನನ್ನು ನೋಡಿದರು.

"ಬೆಳಿಗ್ಗೆ ಬಿರಿಯುತ್ತಾ? ಅಲ್ಲ ಸಾರ್, ಮಲ್ಲಿಗೆ ಮೊಗ್ಗು ಬೆಳಿಗ್ಗೇನೇ ಬಿರಿದ್ರೆ ನಾನು ಸಾಯಂಕಾಲ ಏನು ಕಟ್ಟಿ ಮಾರ್ಲಿ? ನಿಮ್ಮ ಮನೇವ್ರು ಹೂ ಮುಡಿಯಲ್ವಾ?"

ಮೇಡಂ ಚಪ್ಪಾಳೆ ತಟ್ಟಿದ ಸದ್ದು ಹೊರಗಿನ ರಸ್ತೆಗೆ ಕೇಳಿಸಿತು. ಆ ಹೆಂಗಸು ಮಿಠಾಯಿಯನ್ನು ಮಗಳಿಗೆ ಕೊಟ್ಟು, ಚೀಟಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಅವಳಿಂದಲೇ ಬೆರಳಿಡಿಸಿ ನೋಡಿಕೊಂಡರು. ಮಾರನೆಯ ದಿನ ಹೂವಿನ ಸಾಲಿನ ಅಷ್ಟೂ ಜನ ಬಂದು ಎಲ್ಲ ಫಲಕ ಓದಿಸಿ ಕೇಳಿದರು. ಇನ್ನೂ ಮೂರು ತಪ್ಪು ಸಿಕ್ಕವು. ನಾನು ಆ ವಾರವೆಲ್ಲ ಮುಖ ಗಂಟಿಕ್ಕಿಕೊಂಡೇ ಓಡಾಡಿದೆ.

ಮೇಡಂ ಬೇಕೆಂದೇ ತಪ್ಪು ಬರೆಸುತ್ತಾರೆ ಎಂದು ಏರಿಯಾದಲ್ಲಿ ಒಂದು ಗುಮಾನಿ ಇತ್ತು. ಅದನ್ನು ಕೇಳಿದರೆ ಅವರಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. "ಬೇಕಂತ ಮಾಡಿದ್ರೆ ಅದು ಮೋಸ. ನಾನ್ಯಾಕೆ ಮಾಡ್ಲಿ? ಇವನಿದಾನಲ್ಲ!" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು.

ಡಬ್ಬದ ಮಿಠಾಯಿ ಆಫೀಸಿನವರಿಗೆ ಇಲ್ಲ. ಒಮ್ಮೆ ಪ್ರಿಂಟಿಗೆ ಹೋಗುವ ಮುಂಚೆ ನನ್ನದೇ ಎರಡು ತಪ್ಪು ನಾನೇ ಹಿಡಿದು ಡಬ್ಬಕ್ಕೆ ಕೈ ಹಾಕಿದೆ. ಪಟ್ಟೆಂದು ಏಟು ಬಿತ್ತು. "ನಿನಗೆ ಸಂಬಳ ಬರುತ್ತೆ. ಇದು ಪಬ್ಲಿಕ್‌ಗೆ." ತಾವೂ ತಿನ್ನುತ್ತಿರಲಿಲ್ಲ. ಆದರೆ ಅವರಿಗೆ ಕೊಬ್ಬರಿ ಮಿಠಾಯಿಯೆಂದರೆ ಪ್ರಾಣ ಎನ್ನುವುದು ನಮಗೆಲ್ಲ ಗೊತ್ತಿತ್ತು. ಪ್ರತಿ ಸಲ ಡಬ್ಬ ಮುಚ್ಚುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ ಏಲಕ್ಕಿಯ ವಾಸನೆ ಎಳೆದುಕೊಳ್ಳುತ್ತಿದ್ದರು, ಆಮೇಲೆ ಮುಚ್ಚಳ ಒತ್ತುತ್ತಿದ್ದರು.

ನಮಗೆ ದುಡ್ಡು ಕೊಡುತ್ತಿದ್ದ ಪ್ರಾಯೋಜಕ ಸಂಸ್ಥೆಯವರು ವರ್ಷಕ್ಕೊಂದು ಫಾರಂ ಕಳಿಸುತ್ತಿದ್ದರು. ಅದರಲ್ಲಿ 'ಕಾರ್ಯಕ್ರಮದಿಂದ ಜನರಲ್ಲಿ ಉಂಟಾದ ಬದಲಾವಣೆ' ಎಂದು ಒಂದು ಕಾಲಂ. ಬೇರೆಯವರೆಲ್ಲ ಅಲ್ಲಿ ಸಾವಿರಾರು ಜನ ಬಂದರು, ಅರಿವು ಮೂಡಿತು, ಹೊಸ ದಿಗಂತ ತೆರೆಯಿತು ಎಂದು ಬರೆಯುತ್ತಾರಂತೆ. ಮೇಡಂ ಬರೆದದ್ದು: 'ಈ ವರ್ಷ ಮೂವತ್ತೊಂದು ತಪ್ಪು ಹಿಡಿದರು.' ಆ ಕಡೆಯಿಂದ ಗಾಬರಿಯಾಗಿ ಫೋನು ಬಂತು.

ಇನ್ನು ಹೋದ ಆಗಸ್ಟಿನ ಕಥೆ. ಅದಕ್ಕೆ ಮುಂಚೆ ಏಪ್ರಿಲ್ ವಿಷಯ ಹೇಳಬೇಕು.

ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಒಮ್ಮೆ, ಮಧ್ಯಾಹ್ನದ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಆಗ ಅದರ ಬುಡದೊಳಗೇ ಅಡಗಿ ಕಾಣದಾಗುತ್ತದೆ. ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ನಾವು ಜಯನಗರದ ಒಂದು ಮೈದಾನದಲ್ಲಿ ಜನ ಸೇರಿಸಿ, ಮನೆಯಿಂದ ಚೊಂಬು, ಲೋಟ, ಡಬ್ಬ ತನ್ನಿ ಎಂದು ಹೇಳಿ ಇದನ್ನು ತೋರಿಸಿದೆವು. ಹನ್ನೆರಡು ಹದಿನೇಳಕ್ಕೆ ಸರಿಯಾಗಿ ಇಡೀ ಮೈದಾನದ ಚೊಂಬುಗಳ ನೆರಳು ಮಾಯ. ಜನ ಓ ಎಂದು ಕೂಗಿದರು. ಅವತ್ತು ಬಂದವರಲ್ಲಿ ಮೈದಾನದ ಎದುರು ಬೀದಿಯ ಗೌಡರು ಒಬ್ಬರು. ಜಯನಗರ ಬಡಾವಣೆಯಾಗುವ ಮುಂಚೆ ಇಲ್ಲಿದ್ದ ಹಳ್ಳಿಯ ಮನೆತನ. ಅವರ ತಂದೆಯ ಕಾಲಕ್ಕೆ ಹೊಲವಾಗಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ, ಕೆಳಗೆ ಎರಡು ಅಂಗಡಿ. ಗೌಡರು ಚೊಂಬನ್ನು ಎತ್ತಿ, ಕೆಳಗೆ ನೋಡಿ, ಮತ್ತೆ ಇಟ್ಟು, ಮತ್ತೆ ಎತ್ತಿ, ಕಂಕುಳಲ್ಲಿಟ್ಟುಕೊಂಡು ಹೋದರು.

ಆಗಸ್ಟಿನದು ಬರುವ ಹೊತ್ತಿಗೆ ಪ್ರಾಯೋಜಕರ ಮೂರು ವರ್ಷದ ಒಪ್ಪಂದ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಅವರ ಅಧಿಕಾರಿಯೊಬ್ಬರು ಅವತ್ತಿನ ಕಾರ್ಯಕ್ರಮಕ್ಕೇ ಬರುವವರಿದ್ದರು. ಅವರು ಬೇಡ ಎಂದರೆ ಆಫೀಸಿಗೆ ಬೀಗ. ಮೇಡಂ ನಿವೃತ್ತಿಗೆ ಆರು ತಿಂಗಳಿತ್ತು. "ಓಡೋ ಗಾಡಿಯಿಂದ ಇಳೀಬೇಕು ಕಣಯ್ಯ, ಕೆಟ್ಟು ನಿಂತ ಗಾಡಿ ನಿಮ್ಮ ತಲೆಗೆ ಕಟ್ಟಿ ಹೋದ್ರೆ ನನಗೆ ಮನೇಲಿ ಅನ್ನ ಸೇರುತ್ತಾ?" ಎಂದು ಅವರು ಹೇಳಿದ ದಿನ ಮಾತ್ರ ಅವರ ದನಿ ಕೊನೆಯ ಬೆಂಚಿಗೆ ಕೇಳುವ ಹಾಗಿರಲಿಲ್ಲ.

ನಾನು ಪೋಸ್ಟರ್ ಬರೆದೆ. ಬರೆದೆ ಎನ್ನುವುದೂ ಸುಳ್ಳು. ಏಪ್ರಿಲ್‌ನ ಪೋಸ್ಟರಿನಲ್ಲಿ ತಾರೀಖು ಮಾತ್ರ ಬದಲಾಯಿಸಿದೆ. ಹನ್ನೆರಡು ಹದಿನೇಳು ಹಾಗೇ ಉಳಿಯಿತು. ಖಗೋಳ ವಿಜ್ಞಾನಿಯನ್ನು ತಾರೀಖು ಕೇಳಿದ್ದೆ, ಸಮಯ ಕೇಳಿರಲಿಲ್ಲ. ಕೇಳುವುದೇನು, ಅದೇ ಊರು, ಅದೇ ಸೂರ್ಯ!

ಹಿಂದಿನ ದಿನ ಸಂಜೆ ಐದಕ್ಕೆ ಮೈದಾನದ ಗೇಟಿಗೆ ಫ್ಲೆಕ್ಸ್ ಕಟ್ಟಿಸುತ್ತಿದ್ದೆ. ಗೌಡರು ಬಂದು ಹಿಂದೆ ಕೈ ಕಟ್ಟಿ ನಿಂತು ಪೂರ್ತಿ ಓದಿದರು.

"ಸಾರ್, ಟೈಮು ತಪ್ಪಾಗದೆ. ಹನ್ನೆರಡು ಹದಿನೇಳಲ್ಲ ಈಗ. ಹನ್ನೆರಡು ಇಪ್ಪತ್ನಾಲ್ಕು."

ನನಗೆ ಮೂಗಿನ ತುದಿಯಲ್ಲೇ ಕೋಪ. ಆಮೇಲೆ ನೆನೆಸಿಕೊಂಡರೆ ನಾಚಿಕೆಯಾಗುವ ಮಾತೊಂದನ್ನು ಆಡಿದೆ. "ಗೌಡ್ರೇ, ಇದು ಸೈನ್ಸು. ಬಾಯಿಗೆ ಬಂದಿದ್ದು ಹೇಳೋದಲ್ಲ."

"ಸರಿ ಬುಡಿ," ಎಂದು ಅವರು ಹೋದರು.

ಇಟ್ಟಮಡುವಿನ ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮೊಬೈಲ್ ತೆಗೆದು ನೋಡಿದೆ. ಸೂರ್ಯ ನೆತ್ತಿಗೆ ಬರುವ ಹೊತ್ತು ವರ್ಷವಿಡೀ ಒಂದೇ ಇರುವುದಿಲ್ಲವಂತೆ, ಗಡಿಯಾರಕ್ಕಿಂತ ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತಲೇ ಇರುತ್ತದಂತೆ. ಆಗಸ್ಟಿನಲ್ಲಿ ನಮಗೆ ಹನ್ನೆರಡು ಇಪ್ಪತ್ನಾಲ್ಕು. ಗೌಡರು ಹೇಳಿದ್ದು ನಿಮಿಷಕ್ಕೆ ಸರಿ.

ಮೇಡಂಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅಧಿಕಾರಿ ಬರುವ ದಿನವೇ ಗೇಟಿನ ಮೇಲೆ ಹಳದಿ ಚೀಟಿ ಬೇಡ, ಏಳು ನಿಮಿಷದಲ್ಲಿ ಚೊಂಬಿನ ನೆರಳು ಬೆರಳಗಲವೂ ಆಚೀಚೆ ಆಗುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲರ ಕೆಲಸ ಉಳಿಸುತ್ತಿದ್ದೇನೆ ಎಂದೂ ಹೇಳಿಕೊಂಡೆ. ನಿಜವೆಂದರೆ, ಗೌಡರ ಮುಂದೆ ತಲೆ ತಗ್ಗಿಸಲು ಮನಸ್ಸಿರಲಿಲ್ಲ.

ಮರುದಿನ ಹನ್ನೊಂದೂವರೆಗೆ ಮೈದಾನ ತುಂಬಿತ್ತು. ಆಕಾಶದಲ್ಲಿ ಮೋಡ, ನಡುನಡುವೆ ಸ್ವಲ್ಪ ಬಿಳುಪು. ಅಧಿಕಾರಿ ಬಂದಿದ್ದರು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಫಾರಂ, ಸಭ್ಯ ಮನುಷ್ಯ. ಮೇಡಂ ಅವರಿಗೆ ಬೋರ್ಡು, ಡಬ್ಬ ಎಲ್ಲ ತೋರಿಸುತ್ತಿದ್ದಾಗ ಬಿಳಿ ಪಂಚೆ ಉಟ್ಟು ಗೌಡರು ಬಂದವರೇ ಡಬ್ಬದ ಮುಂದೆ ನಿಂತರು.

"ಮೇಡಮ್ಮೋರೆ, ನನ್ನ ಮಿಠಾಯಿ?"

"ಬನ್ನಿ ಗೌಡ್ರೇ! ಏನು ತಪ್ಪು ಸಿಕ್ತು?"

"ಇವರಿಗೆ ನೆನ್ನೇನೇ ಹೇಳಿದ್ನಲ್ಲ, ಟೈಮು ತಪ್ಪು ಅಂತ. ನಾಳೆ ಕೊಟ್ಟಾರು ಅಂತ ಸುಮ್ಕೆ ಹೋದೆ."

ಮೇಡಂ ನನ್ನ ಕಡೆ ತಿರುಗಿದರು. ನಾನು ಹೇಳಲೇಬೇಕಾಯಿತು. ಬಸ್ಸಿನಲ್ಲಿ ನೋಡಿದ್ದು, ಮುಚ್ಚಿಟ್ಟದ್ದು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದು ನಿಂತೆ.

"ಎಷ್ಟು ಹೊತ್ತಿಗೆ ಹೇಳಿದ್ರು?"

"ಸಂಜೆ ಐದಕ್ಕೆ."

"ಈಗ ಹನ್ನೊಂದೂವರೆ. ಹದಿನೆಂಟೂವರೆ ಗಂಟೆ ಗೌಡ್ರ ಮಿಠಾಯಿ ತಡ ಮಾಡಿದೀಯ. ತಪ್ಪು ಬರೆದಿದ್ದಕ್ಕೆ ನಾನು ಒಂದಿನಾನೂ ನಿನ್ನ ಬೈದಿಲ್ಲ. ಇದಕ್ಕೆ ಬೈತೀನಿ, ಆಮೇಲೆ. ಮೊದ್ಲು ಚೀಟಿ ತಗೋ."

ಅಧಿಕಾರಿ ಮೆಲ್ಲಗೆ ನಡುವೆ ಬಂದರು. "ಮೇಡಂ, ಬಿಟ್ಟಾಕಿ. ಏಳು ನಿಮಿಷ ಯಾರು ನೋಡ್ತಾರೆ? ಗೇಟಲ್ಲೇ ತಪ್ಪು ಅಂತ ಹಾಕಿದ್ರೆ ಫೋಟೋದಲ್ಲಿ ಬರುತ್ತೆ. ನಾನು ನಮ್ಮವರಿಗೆ ಏನಂತ ತೋರಿಸ್ಲಿ?"

ಮುಂದಿನ ಮೂರು ವರ್ಷ ಆ ಮನುಷ್ಯನ ಕೈಯಲ್ಲಿತ್ತು. ಮೇಡಂ ಒಂದು ಗಳಿಗೆ ಫ್ಲೆಕ್ಸಿನ ಕಡೆ ನೋಡಿದರು. ಆಮೇಲೆ ತುರುಬಿನಿಂದ ಪೆನ್ಸಿಲ್ ತೆಗೆದು ನನಗೆ ಕೊಟ್ಟರು.

"ಏಳು ನಿಮಿಷ ದೊಡ್ಡದಲ್ಲ ಸಾರ್. ಅದನ್ನ ಗೌಡ್ರು ಹಿಡಿದಿದ್ದು ದೊಡ್ಡದು. ಮುಚ್ಚಿಟ್ರೆ ಅದೂ ಮುಚ್ಚಿ ಹೋಗುತ್ತೆ."

ಬರೆದೆ. 'ಸಮಯ 12.17 ತಪ್ಪು, 12.24 ಸರಿ.' ಕೆಳಗೆ ಗೌಡರ ಹೆಸರು. ಅದರ ಕೆಳಗೆ ನನ್ನ ಹೆಸರನ್ನೂ ಬರೆಯಲು ಹೋದೆ. ಮೇಡಂ ಕೈ ಹಿಡಿದರು. "ಅದು ಬೇಡ. ತಪ್ಪು ಮಾಡಿದವರ ಹೆಸರು ಗೋಡೆಗೆ ಹಚ್ಚಿದ್ರೆ ನಾಳೆಯಿಂದ ಬರೆಯೋರೇ ಇರಲ್ಲ." ಆಮೇಲೆ ಮೈಕು ಕೊಟ್ಟರು, ಜನಕ್ಕೆ ಹೊಸ ಸಮಯ ಹೇಳು ಎಂದು.

ಪತ್ರಿಕೆಯಲ್ಲಿದ್ದವನು, ಇಂಥದ್ದಕ್ಕೆ 'ಅನಿವಾರ್ಯ ಕಾರಣಗಳಿಂದ ಸಮಯದಲ್ಲಿ ಅಲ್ಪ ಬದಲಾವಣೆ' ಎನ್ನಬೇಕೆಂದು ನನಗೆ ಗೊತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಗೌಡರು ಡಬ್ಬದ ಪಕ್ಕ ಮಿಠಾಯಿ ಹಿಡಿದು, ಇನ್ನೂ ಬಾಯಿಗೆ ಹಾಕದೆ ನನ್ನನ್ನೇ ನೋಡುತ್ತಿದ್ದರು.

"ಪೋಸ್ಟರಿನಲ್ಲಿ ಟೈಮ್ ತಪ್ಪು ಬರೆದವನು ನಾನು," ಎಂದೆ. "ಗೌಡ್ರು ನೆನ್ನೆ ಹೇಳಿದ್ರು. ಇದು ಸೈನ್ಸು ಅಂತ ನಾನು ಅವರ ಮೇಲೆ ರೇಗಿದೆ. ಅವರು ಹೇಳಿದ್ದೇ ಸೈನ್ಸು."

ಜನ ಚಪ್ಪಾಳೆ ತಟ್ಟಿದರು, ನನಗಲ್ಲ, ಗೌಡರಿಗೆ. ಅವರು ಮಿಠಾಯಿ ಬಾಯಿಗೆ ಹಾಕಿಕೊಂಡರು.

ಇನ್ನೇನು, ಸೂರ್ಯ ಬಂದು ಎಲ್ಲ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ಹನ್ನೆರಡು ಹದಿನೇಳಾಯಿತು, ಮೋಡ. ಇಪ್ಪತ್ತಾಯಿತು, ಮೋಡ. ಇಪ್ಪತ್ನಾಲ್ಕಕ್ಕೆ ಇಡೀ ಮೈದಾನ ಚೊಂಬು ಮುಂದಿಟ್ಟುಕೊಂಡು ಆಕಾಶ ನೋಡುತ್ತಿತ್ತು. ಸೂರ್ಯನ ಸುಳಿವೇ ಇಲ್ಲ. ಇಪ್ಪತ್ತೈದು, ಇಪ್ಪತ್ತಾರು. ಅಧಿಕಾರಿ ಫಾರಂ ಮಡಚತೊಡಗಿದರು. ನನಗೆ ಅಳು ಬರುವುದೊಂದು ಬಾಕಿ.

ಮೇಡಂ ಮೈಕು ತೆಗೆದುಕೊಂಡರು. "ಎಲ್ಲರೂ ನಿಮ್ಮ ನಿಮ್ಮ ಚೊಂಬು ನೋಡ್ಕೊಳ್ಳಿ. ನೆರಳಿದೆಯಾ?"

"ಇಲ್ಲಾ!" ಎಂದರು ಜನ.

"ಪಕ್ಕದವರದ್ದು?"

"ಇಲ್ಲಾ!"

"ನಾವು ಹೇಳಿದ ಮಾತು ಉಳಿಸ್ಕೊಂಡಿದೀವಿ. ಇವತ್ತು ಇಡೀ ಬೆಂಗಳೂರಿಗೇ ನೆರಳಿಲ್ಲ!"

ಮೈದಾನ ನಕ್ಕ ನಗು ಹೇಳಲಾರೆ. ಫಾರಂ ಮಡಚುತ್ತಿದ್ದ ಅಧಿಕಾರಿಯೂ ನಕ್ಕುಬಿಟ್ಟರು. ನಗು ಇಳಿದ ಮೇಲೆ, ಪೆನ್ನು ತೆಗೆದು, ಆದರೂ ಪಾಪ, ಕೇಳಿದರು. "ಎಲ್ಲಾ ಸರಿ ಮೇಡಂ. ಬದಲಾವಣೆ ಕಾಲಂನಲ್ಲಿ ಏನು ಬರೀಲಿ?"

ಗೌಡರೇ ಬಾಯಿ ಹಾಕಿದರು. "ಮೊದ್ಲು ಬಂದು ಕಾಪಿ ಕುಡೀರಿ. ಎದುರುಗಡೇನೇ ಮನೆ."

ಕಾಫಿ ಕೊಟ್ಟದ್ದು ತಾರಸಿಯಲ್ಲಿ. ಅಲ್ಲಿ ನಡುವೆ ಸಿಮೆಂಟ್ ತುಂಬಿದ ಡಬ್ಬದಲ್ಲಿ ನಾಲ್ಕಡಿಯ ಕಬ್ಬಿಣದ ಕಂಬಿ ನೆಟ್ಟಿತ್ತು. ಅದನ್ನು ಮೇಸ್ತ್ರಿಗಳ ರಸಮಟ್ಟ ಇಟ್ಟು ನೆಟ್ಟಗೆ ಮಾಡಿದ್ದರು. ಕಂಬಿಯ ಬುಡದಿಂದ ದಕ್ಷಿಣಕ್ಕೆ ಒಂದು ಗೆರೆ. "ಮನೆ ವಾಸ್ತು ಪ್ರಕಾರ ಉತ್ತರಕ್ಕೆ ಸರಿಯಾಗಿ ಕಟ್ಸಿದೀನಿ. ಗೋಡೆ ಹಿಡ್ದು ಗೆರೆ ಹೊಡ್ದೆ, ಅಷ್ಟೇಯ. ನೆರಳು ಗೆರೆ ಮೇಲೆ ಬಿದ್ದಾಗ ತುದಿಗೆ ಚುಕ್ಕಿ ಇಡೋದು, ಟೈಮು ಬರೆಯೋದು," ಎಂದರು ಗೌಡರು. ಗೇಟಿಗೆ ಬಳಿದು ಉಳಿದ ಹಸಿರು ಪೇಂಟಿನ ಚುಕ್ಕಿಗಳು, ಒಂದೊಂದರ ಪಕ್ಕ ಸಮಯ. ಏಪ್ರಿಲ್ ಕೊನೆಗೆ ಬುಡದಿಂದ ಹೊರಟ ಚುಕ್ಕಿ ಜೂನ್ ಹೊತ್ತಿಗೆ ಒಂದು ಗೇಣು ದೂರ ಹೋಗಿ, ಅಲ್ಲಿಂದ ತಿರುಗಿ ಮತ್ತೆ ಬುಡದ ಹತ್ತಿರಕ್ಕೆ ಬಂದಿತ್ತು. ಮೋಡದ ದಿನಗಳ ಜಾಗ ಖಾಲಿ. ಮೊನ್ನೆ ಮೊನ್ನೆಯ ಚುಕ್ಕಿಯ ಪಕ್ಕ ಹನ್ನೆರಡು ಇಪ್ಪತ್ನಾಲ್ಕು.

ಮೇಡಂ ಕಾಫಿ ಲೋಟ ಕೆಳಗಿಟ್ಟು, ಸೀರೆ ಸುತ್ತಿಕೊಂಡು ನೆಲದ ಮೇಲೆ ಕೂತು ಒಂದೊಂದು ಚುಕ್ಕಿಯನ್ನೂ ಬೆರಳಿಂದ ಮುಟ್ಟಿದರು. ಚಪ್ಪಾಳೆ ತಟ್ಟಲಿಲ್ಲ. ಆರು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

"ಇದು ಯಾರು ಹೇಳಿಕೊಟ್ಟಿದ್ದು ನಿಮಗೆ?" ಎಂದರು ಅಧಿಕಾರಿ.

"ಯಾರೂ ಹೇಳ್ಕೊಟ್ಟಿಲ್ಲ. ಏಪ್ರಿಲ್ಲಾಗೆ ಮೇಡಮ್ಮೋರು ನೆರಳು ಮಾಯ ಮಾಡಿದ್ರಲ್ಲ, ಅದು ಎಲ್ಲಿಗೋಯ್ತು, ಯಾವಾಗ ವಾಪಸ್ ಬತ್ತದೆ ಅಂತ ಕಾಯ್ತಾ ಇವ್ನಿ."

ಅಧಿಕಾರಿ ತಾರಸಿಯ ಮೇಲೆ ಮಂಡಿಯೂರಿ, ಇಸ್ತ್ರಿ ಶರಟಿನ ಚಿಂತೆ ಬಿಟ್ಟು ಚುಕ್ಕಿಗಳ ಫೋಟೋ ತೆಗೆದರು. ಹಳದಿ ಚೀಟಿಯದ್ದೂ ತೆಗೆದುಕೊಂಡು ಹೋದರು. ಒಂದು ತಿಂಗಳಿಗೆ ಕಾಗದ ಬಂತು. ಇನ್ನೂ ಮೂರು ವರ್ಷ ಮುಂದುವರಿಸಿದ್ದರು. ಬೈತೀನಿ ಎಂದಿದ್ದ ಬೈಗುಳ ಮಾತ್ರ ನನಗೆ ಬರಲೇ ಇಲ್ಲ. ಮರೆತರೆಂದುಕೊಂಡೆ.

ಹೋದ ತಿಂಗಳು ಬೀಳ್ಕೊಡುಗೆ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಅವರ ತಲೆಗೆ ದೊಡ್ಡದಾಗಿ ಕಿವಿ ಮುಚ್ಚಿದ ಮೈಸೂರು ಪೇಟ. ಗೌಡರು ಮೊದಲ ಸಾಲಿನಲ್ಲಿದ್ದರು. ಸನ್ಮಾನ ಪತ್ರ ಬರೆದವನು ನಾನು. ಹತ್ತು ಸಲ ತಿದ್ದಿ, ಫ್ರೇಮು ಹಾಕಿಸಿ, ನಿಂತು ಓದಿದೆ. "ತಮ್ಮ ಸುದೀರ್ಘ ಹಾಗೂ ಲೋಪರಹಿತ ಸೇವೆಯಿಂದ..."

ಮೇಡಂ ವಿದ್ಯಾರ್ಥಿಯ ಹಾಗೆ ಕೈ ಎತ್ತಿದರು. "ತಪ್ಪಿದೆ."

ಸಭೆ ನಕ್ಕಿತು. ನಾನು ಗಾಬರಿಯಾಗಿ ಪತ್ರ ನೋಡಿದೆ.

"ಲೋಪರಹಿತ ಅಂತೆ! ಆಗಸ್ಟಿನ ಪೋಸ್ಟರ್ ನೀನು ಬರೆದೆ. ಪ್ರಿಂಟಿಗೆ ಹೋಗೋ ಮುಂಚೆ ನೋಡಿ ಸಹಿ ಹಾಕಿದ್ಯಾರು? ನಾನು. ನಾನೂ ತಾರೀಖು ಮಾತ್ರ ನೋಡಿದ್ದು. ಮಲ್ಲಿಗೆ ಫಲಕಕ್ಕೂ ಸಹಿ ನಂದೇ, ಅದೂ ಸಸ್ಯಶಾಸ್ತ್ರದೋಳು! ಆವತ್ತು ಬೈತೀನಿ ಅಂದಿದ್ದು ಮರ್ತಿಲ್ಲ ಕಣಯ್ಯ. ಯಾವ ಬಾಯಲ್ಲಿ ಬೈಲಿ?"

ಆರು ತಿಂಗಳಿಂದ ಆ ತಪ್ಪನ್ನು ನನ್ನೊಬ್ಬನದೇ ಎಂದು ಹೊತ್ತುಕೊಂಡು ತಿರುಗಿದ್ದೆ.

"ಚೀಟಿ ಬರಿ. ಮಿಠಾಯಿ ಕೊಡು," ಎಂದು ಕೈ ಚಾಚಿದರು.

"ಮೇಡಂ, ಆಫೀಸಿನವರಿಗಿಲ್ಲ."

ಪೇಟ ಹಿಂದಕ್ಕೆ ತಳ್ಳಿ ಗೋಡೆಯ ಗಡಿಯಾರ ನೋಡಿದರು. "ಐದು ಗಂಟೆಗೆ ನನ್ನ ಸರ್ವಿಸ್ ಮುಗೀತು. ಈಗ ಐದೂ ಹತ್ತು. ನಾನೀಗ ಪಬ್ಲಿಕ್."

"ಐದೂ ಹನ್ನೊಂದು ಮೇಡಮ್ಮೋರೆ, ನಿಮ್ಮ ಗಡಿಯಾರ ಒಂದ್ನಿಮಿಷ ಹಿಂದೆ," ಎಂದರು ಗೌಡರು, ಮೊಬೈಲ್ ನೋಡಿ.

ಸನ್ಮಾನ ಪತ್ರದ ಗಾಜಿನ ಮೇಲೆಯೇ ಹಳದಿ ಚೀಟಿ ಅಂಟಿಸಿದೆ. ತಪ್ಪೇನು, ಸರಿ ಯಾವುದು ಎಂದು ಬರೆದು, ಹಿಡಿದವರು ಎಂಬಲ್ಲಿ ಮೊದಲ ಬಾರಿಗೆ ಮೇಡಂ ಹೆಸರು ಹಾಕಿದೆ. ಡಬ್ಬ ತೆಗೆದು ಅವರ ಮುಂದೆ ಹಿಡಿದೆ. ಎಂದಿನಂತೆ ಕಣ್ಣು ಮುಚ್ಚಿ ಏಲಕ್ಕಿಯ ವಾಸನೆ ಎಳೆದುಕೊಂಡರು. ಈ ಸಲ ಮುಚ್ಚಳ ಒತ್ತಲಿಲ್ಲ. ಒಂದನ್ನೆತ್ತಿ, ಸಭೆ ಕಾಯುತ್ತಿದೆ ಎನ್ನುವುದನ್ನೂ ಮರೆತು, ನಿಧಾನವಾಗಿ ಪೂರ್ತಿ ತಿಂದರು.

"ಸಕ್ಕರೆ ಜಾಸ್ತಿ ಆಗಿದೆ. ಇದನ್ನ ಇಷ್ಟು ವರ್ಷ ಜನಕ್ಕೆ ಕೊಟ್ವಾ? ಇದೂ ಒಂದು ತಪ್ಪು, ಬರ್ಕೋ," ಎಂದು ಇನ್ನೊಂದಕ್ಕೆ ಕೈ ಚಾಚಿದರು.